ಅರವತ್ತಡಿ ಗಾಜು

ಭರಣಿ ಮಳೆಯ ಮೊದಲ ಸಿಡಿಲು
ಹಿತ್ತಲ ತೆಂಗಿನ ಸುಳಿಗೆ ಬಿತ್ತು.
ಬಿದ್ದದ್ದು ನೆಲಕ್ಕಿಳಿಯಬೇಕಿತ್ತಲ್ಲ, ಇಳಿಯಲಿಲ್ಲ;
ಮನೆಯಿಂದ ಅಂಗಡಿಗೆ ನಾನೇ ಎಳೆದಿದ್ದ
ತಾಮ್ರದ ತಂತಿ ಹಿಡಿದು
ನೆಟ್ಟಗೆ ಗಲ್ಲಾಪೆಟ್ಟಿಗೆಯವರೆಗೂ ಬಂತು.
ಎಂಟು ಕಣ್ಣಿನ ಸ್ವಿಚ್ಚು, ಪ್ರಿಂಟರು,
ಪಹಣಿ ತೆಗೆಯುವ ಕಂಪ್ಯೂಟರು
ಮೂರೂ ಒಂದೇ ವಾಸನೆಯಲ್ಲಿ ತೀರಿಕೊಂಡವು.
ಅರಸೀಕೆರೆಯಲ್ಲಿ ನೀರಿಗೆ ಕೊರತೆ ಇದ್ದೀತು,
ಸಿಡಿಲಿಗೆ ಎಂದೂ ಇಲ್ಲ.

"ಗಾಜು ಎಳಿಯಪ್ಪ," ಅಂದರು ಖಲಂದರ್ ಸಾಬರು,
ರೈಲ್ವೆ ಸಿಗ್ನಲ್ಲಿನಲ್ಲಿ ಮೂವತ್ತಾರು ವರ್ಷ ಸವೆಸಿದವರು,
ಜೆರಾಕ್ಸಿಗೆ ಬಂದು ಜೆರಾಕ್ಸ್ ಮರೆತು ಕೂತವರು.
"ಗಾಜಿಗೆ ಸಿಡಿಲಿನ ಮಾತು ತಿಳಿಯೋದಿಲ್ಲ."

ಬಂಡಲು ಬಂತು. ಮೇಲೆ ಕರಿ ತೊಗಲು, ಅದರೊಳಗೆ ಹಳದಿ ಜೋಡಿ,
ಹಳದಿಯೊಳಗೆ ನಾರು, ನಾರಿನೊಳಗೆ ಬಿಳಿ,
ಬಿಳಿ ಸುಲಿದರೆ
ಇದೆಯೋ ಇಲ್ಲವೋ ಅನ್ನುವಂಥದ್ದು.
ಕಣ್ಣಿಗಿಲ್ಲ, ಬೆರಳಿಗೆ ಇದೆ.
ಸ್ಪಿರಿಟ್ಟಿನಲ್ಲಿ ಒರೆಸಿದರೆ ಕಿರ್ ಅನ್ನುತ್ತದೆ,
ಆಗಷ್ಟೇ ತೊಳೆದ ಲೋಟದ ಹಾಗೆ.
ಬ್ಲೇಡಿಗಿಟ್ಟು ಒತ್ತಿದೆ. ಚಿಟ್.
ತುದಿ ಸೊಟ್ಟ. ಇನ್ನೊಂದು. ಹಲ್ಲುಹಲ್ಲು.
ರಾತ್ರಿ ಹನ್ನೊಂದರ ತನಕ ಒಂಬತ್ತು ತುದಿ ಹಾಳು ಮಾಡಿದೆ.
ಮೀಟರಿನಲ್ಲಿ ಮೈನಸ್ ಮೂವತ್ತೆಂಟು,
ಅಂದರೆ ಆ ಕಡೆಗೆ ಕತ್ತಲೆ ಮಾತ್ರ ತಲುಪುತ್ತಿದೆ.

ಜಯಶೀಲೆ ಸೀರೆಗೆ ಕುಚ್ಚು ಕಟ್ಟುತ್ತಿದ್ದಳು.
ಕಟ್ಟುತ್ತಲೇ ನೋಡುತ್ತಿದ್ದಳು.
"ನೀವು ಬದನೆಕಾಯಿ ತೊಟ್ಟು ಮುರಿದ ಹಾಗೆ ಮುರೀತೀರಿ,"
ಅಂದು ಹಲಗೆ ಎಳೆದುಕೊಂಡಳು.
ಉಸಿರು ಹಿಡಿದಳು. ಚಿಟ್.
ಮೈನಸ್ ಒಂಬತ್ತು.
ನನಗೆ ಸಂತೋಷವಾಯಿತು, ಪೂರ್ತಿ ಅಲ್ಲ.

ಮಾರನೇ ದಿನ ಪರೀಕ್ಷೆಯ ಕೆಂಪು ದೀಪ ಬಿಟ್ಟೆವು.
ನಡುಮನೆಯ ಲೈಟು ಆರಿಸಿದಾಗ ಮಗಳು ಕೂಗಿದಳು:
"ಅಪ್ಪಾ, ಬಾಗಿಲ ಮೂಲೇಲಿ ಸೋರ್ತಿದೆ!"
ಹೌದು. ಮೊಳೆ ಹೊಡೆದು ಬಿಗಿದ ಕಡೆ
ಹಳದಿ ತೊಗಲನ್ನು ದಾಟಿ
ದಾಳಿಂಬೆ ಕಾಳಿನಷ್ಟು ಕೆಂಪು.
ಬೆಳಕಿಗೆ ತಿರುವು ಗೊತ್ತು, ಮೊಣಕೈ ಗೊತ್ತಿಲ್ಲ.
ಮೊಳೆ ಕಿತ್ತೆ. ಜಯಶೀಲೆಯ ಹಳೇ ಪ್ಲಾಸ್ಟಿಕ್ ಬಳೆಯೊಂದನ್ನು
ಮೂಲೆಗೆ ಬಡಿದು, ಅದರ ಬಗಲಲ್ಲಿ ಎಳೆಯನ್ನು ಬಳಸಿದೆ.
ಕೆಂಪು ಒಳಕ್ಕೆ ಹೋಯಿತು,
ಯಾರೋ ಕರೆದರು ಅನ್ನುವ ಹಾಗೆ.

ಆದರೂ ಹಸಿರು ಹತ್ತಲಿಲ್ಲ. ಎರಡು ದಿನ.
ಸಾಬರು ಬಂದು, ಕನ್ನಡಕ ಹಣೆಗೇರಿಸಿ, ನಕ್ಕರು:
"ಬಾಯಿಗೆ ಬಾಯಿ ಕೊಟ್ಟಿದ್ದೀಯ, ಕಿವಿಗೆ ಕಿವಿ.
ಇಬ್ಬರೂ ಆಡ್ತಾ ಇದ್ದಾರೆ, ಇಬ್ಬರೂ ಕಿವಿಗೊಟ್ಟಿದ್ದಾರೆ."
"ನಮ್ಮನೇಲಿ ಹದಿನಾಲ್ಕು ವರ್ಷದಿಂದ ಹಾಗೇ ನಡೀತಿದೆ,"
ಅಂದಳು ಅವಳು, ಕುಚ್ಚಿನಿಂದ ತಲೆ ಎತ್ತದೆ.
ಒಂದು ತುದಿಯಲ್ಲಿ ಮಾತ್ರ ಅದಲುಬದಲು ಮಾಡಿದೆ.
ಹಸಿರು.
ಯಾವ ತುದಿಯಲ್ಲಿ ಅಂತ ಸಾಬರು ಕೇಳಲಿಲ್ಲ,
ಅವಳು ಕೇಳಿದಳು.

ಮೊದಲು ಹಾದುಹೋದದ್ದು
ಗಂಡಸಿ ಹೋಬಳಿಯ ಒಂದು ಪಹಣಿ,
ಎರಡು ಎಕರೆ ನಾಲ್ಕು ಗುಂಟೆ, ಖರಾಬು ಸೇರಿ.
ಪ್ರಿಂಟು ಬಿಸಿಬಿಸಿ ಬಂತು. ಇಪ್ಪತ್ತೈದು ರೂಪಾಯಿ.
ಗಿರಾಕಿಗೆ ಏನೂ ತಿಳಿಯಲಿಲ್ಲ;
ಚಿಲ್ಲರೆ ಎಣಿಸಿಕೊಂಡು ಹೋದ.

ಸುಳಿ ಸುಟ್ಟ ಅದೇ ಮರಕ್ಕೆ ಎಳೆಯನ್ನು ಕಟ್ಟಿದ್ದೇನೆ.
ಕೃತ್ತಿಕೆಯಲ್ಲಿ ಮೋಡ ಕವಿದಾಗ
ಮೂವರೂ ಕಿಟಕಿಗೆ ಬಂದು ನಿಂತೆವು,
ಜನ್ಮದಲ್ಲೇ ಮೊದಲ ಸಲ, ಬೀಳಲಿ ಅಂತ.
ಅದು ಬಿದ್ದದ್ದು ಹಳಿಯಾಚೆ, ಇನ್ಯಾರದೋ ಮರಕ್ಕೆ.
ಹಸಿರು ಮಿಣುಕುತ್ತಲೇ ಇತ್ತು;
ಅದರಿಂದ ಏನೂ ಸಾಬೀತಾಗಲಿಲ್ಲ.

ಮುರಿದ ತುಣುಕುಗಳನ್ನೆಲ್ಲ ಟೇಪಿಗಂಟಿಸಿ
ಹಾರ್ಲಿಕ್ಸ್ ಬಾಟಲಿಗೆ ಹಾಕಿ ಮುಚ್ಚಳ ಬಿಗಿದಿದ್ದೇನೆ.
ಎಣಿಸಿದರೆ ಒಂದು ಕಡಿಮೆ.
ನೋಟು ಎಣಿಸುವಾಗ ತೋರುಬೆರಳಲ್ಲಿ ಚುರ್ ಅನ್ನುತ್ತದೆ,
ಭೂತಗನ್ನಡಿ ಹಿಡಿದರೂ ಕಾಣದು.
ಸಾಬರಿಗೆ ತೋರಿಸಿದೆ. ಬೆರಳನ್ನು ಬಿಸಿಲಿಗೆ ತಿರುಗಿಸಿ ನೋಡಿ
"ಗಾಜಲ್ವಾ," ಅಂದರು, "ಅದಕ್ಕೇನೂ ಆಗೋದಿಲ್ಲ."