ಚಿಲ್ಲರೆ ಕೊಂಬೆ

ಜೂನ್ ಮೂವತ್ತಕ್ಕೆ ಸರ್ವರ್ ಬಂದ್ ಎಂದು
ಎರಡು ಸಾಲಿನ ಮೇಲ್.
ಎಲ್ಲಿಯದೋ ಕಟ್ಟಡದ ಎಲ್ಲಿಯದೋ ಕಪಾಟಿನಲ್ಲಿ ಉಂಟು
ನಮ್ಮ ದಕ್ಕೆಯ ಒಂಬತ್ತು ವರ್ಷ:
ಐಸು, ಡೀಸೆಲ್, ಬಲೆಯ ಸಾಲ, ಕಲಾಸಿಗಳ ಪಾಲು
ಲೆಕ್ಕ ಹಾಕುವ ಪ್ರೋಗ್ರಾಮಿನ ಬುಡ, ತುದಿ, ಸಮಸ್ತ.

ಬೋಟುಗಳೆಲ್ಲ ರಜೆಯಲ್ಲಿ. ಬಂದರಿನಲ್ಲಿ
ಮೀನಿನ ವಾಸನೆ ಕೂಡ ಸ್ವಲ್ಪ ತೆಳ್ಳಗೆ.
ಸೊಸೈಟಿಯ ಉಪ್ಪರಿಗೆಯಲ್ಲಿ ನಾನು, ಒಂದು ಫ್ಯಾನು,
ಹಂಪನಕಟ್ಟೆಯಲ್ಲಿ ಕೊಂಡ ಹಾರ್ಡ್ ಡಿಸ್ಕು;
ಬಿಲ್ಲು ಇನ್ನೂ ಪಾಸಾಗಿಲ್ಲ.

"ಮೇನ್ ಒಂದು ಇಳಿಸಿದರೆ ಸಾಕಲ್ಲ ಮಾರಾಯ್ರೆ,
ಹಳೆಯ ರಗಳೆ ಯಾಕೆ?" ಎಂದರು
ಸೆಕ್ರೆಟರಿ ಲೀಲಾಧರ ಕರ್ಕೇರರು.
ಸಾಕು, ಹೌದು. ದಿನ ನಡೆಯುವುದು ಅದರಲ್ಲೇ.

ಆದರೆ ಮಿರರ್ ಎಂದು ಒಂದು ಪದ ಸೇರಿಸಿದರೆ
ಕನ್ನಡಿಗೆ ಆರಿಸಲು ಗೊತ್ತಿಲ್ಲ.
ಹೆಸರಿಟ್ಟು ಮರೆತ ಕೊಂಬೆ, ಅಂಟಿಸಿದ ಗುರುತಿನ ಚೀಟಿ,
ಅಳಿಸಿದ ಸಾಲು, ಅಳಿಸಿದವರ ಹೆಸರು, ಅಳಿಸಿದ ಹೊತ್ತು
ಎಲ್ಲ ಬರುತ್ತದೆ.

ಅರವತ್ತೆರಡು ಶೇಕಡಾಕ್ಕೆ ಕರೆಂಟು ಹೋಯಿತು.
ಮತ್ತೆ ಮೊದಲಿನಿಂದ.
ಬಂತು:
ಗ್ರೇಶಿಯನ್ ಮೊಂತೇರೊ, ರಾತ್ರಿ ಎರಡೂ ಮುಕ್ಕಾಲು,
"ಉಳಿದ ಅರ್ಧ ರೂಪಾಯಿ ಕಲಾಸಿಗೆ."
ಗ್ರೇಶಿಯನ್ ಮೊಂತೇರೊ, ಮೂರೂ ಹತ್ತು,
"ಇಲ್ಲೂ."
ಬೆಳಿಗ್ಗೆ ಒಂಬತ್ತೂವರೆ, ನಾನು,
"ಹಿಂದಿನಂತೆ. ಧನಿಗಳ ಅಪ್ಪಣೆ."

ಆಮೇಲೆ ಅವನು ಕೆಲಸ ಬಿಟ್ಟ.
ಈಗ ಕಂಕನಾಡಿಯಲ್ಲಿ ಮಿಕ್ಸಿ ರಿಪೇರಿ.
ದಾರಿಯಲ್ಲಿ ಎದುರಾದರೆ ಇಬ್ಬರಿಗೂ
ಒಟ್ಟಿಗೇ ಫೋನು ಬರುತ್ತದೆ.

ಇಳಿಸಿದ್ದು ನಕಲಲ್ಲ, ಎಬ್ಬಿಸಿ ಓಡಿಸಿ ನೋಡುವ ತನಕ.
ಬೇರೆ ಲ್ಯಾಪ್‌ಟಾಪು. ನೆಟ್ ಕಿತ್ತೆ.
ಡಿಸ್ಕಿನಿಂದಲೇ ಎಬ್ಬಿಸಿದೆ. ಮೇನ್ ಎದ್ದಿತು. ಸರಿ.
ಕೈ ಸುಮ್ಮನಿರಲಿಲ್ಲ;
ಅವನ ಕೊಂಬೆಗೂ ಹತ್ತಿ ಮೇ ತಿಂಗಳ ಲೆಕ್ಕ ಕೊಟ್ಟೆ.
ಆರು ವರ್ಷ ಮಲಗಿದ್ದು ತಡವರಿಸದೆ ಹೇಳಿತು:
'ಜಲದುರ್ಗೆ' ಬೋಟು, ಕಲಾಸಿ ಸದಿಯ ಪುತ್ರನ್,
ಇಪ್ಪತ್ತಮೂರು ಸಲ ಕಡಲಿಗೆ,
ಹನ್ನೊಂದು ರೂಪಾಯಿ ಐವತ್ತು ಪೈಸೆ ಜಾಸ್ತಿ.

ಒಂದು ಚಾ. ಗೋಳಿಬಜೆಗೆ ಸಾಲದು.

"ಎಲ್ಲ ಬಂತಾ?" ಕೆಳಗಿನಿಂದ ಕರ್ಕೇರರು.
"ಬಂತು."

ನಕಲು ಒಂದೇ ಕಡೆ ಇರಬಾರದಂತೆ,
ಬೇರೆ ಊರಾಗದಿದ್ದರೆ ಬೇರೆ ಕೇರಿಯಾದರೂ ಆಗಬೇಕಂತೆ.
ಎರಡನೆಯ ಡಿಸ್ಕು ನನ್ನ ದುಡ್ಡಲ್ಲೇ ಕೊಂಡು
ಶನಿವಾರ ಕಂಕನಾಡಿ ಬಸ್ಸು ಹತ್ತಿದೆ.
ತೊಡೆಯ ಮೇಲೆ, ಚೀಲದಲ್ಲಿ
ಮನೆಯ ಮಿಕ್ಸಿಯೂ ಇತ್ತು,
ಏನೂ ಹಾಳಾಗದ್ದು.