ಜರಡಿ

ಮೊದಲು ಉಬ್ಬಿದ್ದು ಕಣ್ಣಿನ ರೆಪ್ಪೆ.
ರಾತ್ರಿಯೆಲ್ಲ ಅತ್ತು ಎದ್ದವನ ಹಾಗೆ.
ಅವನು ಅತ್ತಿರಲಿಲ್ಲ.
ಸಂಜೆಗೆ ಊತ ಇಳಿದು ಪಾದ ಸೇರಿತು.
ದಾವಣಗೆರೆಗೆಲ್ಲ ಮಂಡಕ್ಕಿ ಹುರಿಯುವ ನಮ್ಮ ಓಣಿ,
ಭಟ್ಟಿ ಸಾಲಿನ ಹೆಂಗಸರು ಗಲ್ಲ ಹಿಂಡಿ
"ಮೈ ಹಿಡಿದಾನೆ ನೋಡು ಮುನೀರ,
ಏನು ತಿನ್ನಿಸ್ತೀಯೇ?" ಅಂದರು.
ಸುಳ್ಳು ಯಾಕೆ ಹೇಳಲಿ, ನಾನೂ ಹಿಗ್ಗಿದೆ,
ನೆಟಿಗೆ ಮುರಿದು ದೃಷ್ಟಿ ತೆಗೆದೆ.

ಚಡ್ಡಿಯ ಲಾಡಿ ಸೊಂಟದಲ್ಲಿ ಗೆರೆ ಕೊರೆದಿತ್ತು.
ಮೊಣಕಾಲ ಕೆಳಗೆ ಹೆಬ್ಬೆರಳು ಒತ್ತಿದೆ.
ಗುಳಿ ಬಿತ್ತು,
ನಾದಿದ ಹಿಟ್ಟಿನ ಮೇಲೆ ಬಿದ್ದಂತೆ,
ಎದ್ದು ಬರಲಿಲ್ಲ.
ಬಚ್ಚಲಲ್ಲಿ ಅವನು ಹೊಯ್ದದ್ದು
ಮೂರು ಚೊಂಬು ಸುರಿದರೂ ಒಡೆಯದ ನೊರೆ.

ದೊಡ್ಡಾಸ್ಪತ್ರೆಯ ಸಣ್ಣ ವಯಸ್ಸಿನ ಡಾಕ್ಟರಮ್ಮ
ಚೀಟಿಯ ಹಿಂದೆ ಎರಡು ಅವರೆಕಾಳು ಬರೆದರು.
"ಇವು ಸೋಸುತ್ತವೆ. ಬೇಡದ್ದು ಹೋಗಬೇಕು,
ಬೇಕಾದ್ದು ಉಳಿಯಬೇಕು. ಇವನಲ್ಲಿ..."
"ಜರಡಿ ಕಣ್ಣು ದೊಡ್ಡದಾಗೈತಿ ಅನ್ರಿ" ಅಂದೆ.
ಅವರು ಪೆನ್ನು ಕೆಳಗಿಟ್ಟರು.

ಹದಿನಾಲ್ಕು ವರ್ಷ ಹಿಡಿದ ಜರಡಿ ನನ್ನದು.
ಕಾದ ಮರಳು ಕೆಳಗೆ, ಅರಳಿದ್ದು ಮೇಲೆ.
ಒಂದು ತಂತಿ ಸಡಿಲಾದರೆ ಸಾಕು,
ಮರಳಿನ ಜೊತೆ ಅನ್ನವೂ ಬೂದಿಗೆ.

ಸೋರುತ್ತಿದ್ದದ್ದು ಮೊಟ್ಟೆಯ ಬಿಳಿಯಂಥ ಸತ್ವವಂತೆ.
ನೀರನ್ನು ರಕ್ತದೊಳಗೆ ಕೈಹಿಡಿದು ಕೂರಿಸುವುದು ಅದೇ.
ಅದು ಹೋದ ಮೇಲೆ ನೀರಿಗೆ ಮನೆಯಿಲ್ಲ,
ನಾಳ ಬಿಟ್ಟು ಮಾಂಸದ ಸಂದಿಗೆ, ಹೊಟ್ಟೆಗೆ,
ಸಿಕ್ಕ ಸಿಕ್ಕಲ್ಲಿ ಬಿಡಾರ.
ಅದರ ಬೆನ್ನಿಗೆ ಕಾವಲಿನವರೂ ಹೋದರು:
ಪಕ್ಕದ ಮನೆಯ ನೆಗಡಿ
ಇವನಲ್ಲಿ ವಾರದ ಜ್ವರ.
ಗಾಬರಿಬಿದ್ದ ಲಿವರ್ ಕೊಬ್ಬು ಅರೆದೂ ಅರೆದೂ
ಕೊಳವೆಯಲ್ಲಿ ನಿಂತ ರಕ್ತದ ಮೇಲೆ ಹಾಲಿನ ಬಣ್ಣ.
ಮೈ ತುಂಬಿತು ಅಂದೆವಲ್ಲ,
ಅದು ಮೈ ಬರಿದಾಗುವ ಬಗೆ.

ಉಪ್ಪು ಬಿಡಿಸಿ ಅಂದರು.
ಉಪ್ಪುನೀರು ಕುಡಿಯದೆ ನಮ್ಮಲ್ಲಿ ಅಕ್ಕಿ ಅರಳುವುದಿಲ್ಲ.
ಅರಳಬಾರದ ಮಗನಿಗೆ ಸಪ್ಪೆ ಸಾರು, ಸಪ್ಪೆ ಮುದ್ದೆ.
ಬೀದಿ ತುದಿಯಲ್ಲಿ ಮಿರ್ಚಿ ಕರಿಯುವಾಗ
ತಾನೇ ಮೂಗು ಮುಚ್ಚಿಕೊಳ್ಳುತ್ತಾನೆ,
ನಾನು ಹೇಳದೆ.

ಬೆಳಿಗ್ಗೆ ಎದ್ದು ಗಾಜಿನ ಕೊಳವೆಯಲ್ಲಿ
ಅವನ ಮೂತ್ರ ಕಾಸುತ್ತೇನೆ.
ಮೊಸರಿನಂತೆ ಹೆಪ್ಪಾದರೆ ವಹಿಯಲ್ಲಿ ಮೂರು ಗೀಟು,
ಮಬ್ಬಾದರೆ ಒಂದು.
ಅದೇ ವಹಿಯ ಹಿಂಭಾಗದಲ್ಲಿ
ದಸ್ತಗೀರ ಸಾಹೇಬರ ಚೀಲದ ಲೆಕ್ಕ.

ಇಪ್ಪತ್ತೆರಡನೆಯ ದಿನ ಕಾಸಿದರೂ ತಿಳಿನೀರು.
ಐದು ಕಿಲೋ ಇಳಿದಿದ್ದ. ಪಕ್ಕೆಲುಬು ಎಣಿಸಬಹುದಿತ್ತು.
"ಅಯ್ಯೋ, ಸೊರಗಿಬಿಟ್ಟನಲ್ಲೇ" ಅಂದರು ಅದೇ ಹೆಂಗಸರು.
ನಾನು ಮೊಣಕಾಲ ಕೆಳಗೆ ಹೆಬ್ಬೆರಳು ಒತ್ತಿ, ತೆಗೆದೆ.
ಗುಳಿ ನಿಲ್ಲಲಿಲ್ಲ.
"ಕಚಗುಳಿ ಆಗ್ತತಿ, ಬಿಡಮ್ಮಾ" ಎಂದು ಕಾಲೆಳೆದುಕೊಂಡ.

ಮತ್ತೆ ಬರಬಹುದು ಅಂದಿದ್ದಾರೆ.
ಕೊಳವೆ ತೊಳೆದು ಕಿಟಕಿಯಲ್ಲಿ
ಬೋರಲು ಹಾಕಿದ್ದೇನೆ.