ತವರ

ಯಂತ್ರ ಎರಡು ದಿನದ ಮಟ್ಟಿಗೆ ನಮ್ಮದು.
ಶನಿವಾರ ಸಂಜೆ ಕಾಲೇಜಿನ ಲ್ಯಾಬಿನಲ್ಲಿ ಸಹಿ ಹಾಕಿ
ಸೀಗೆಹಟ್ಟಿಯ ಓಣಿಗೆ ಸ್ಕೂಟಿಯಲ್ಲಿ ತಂದೆ.
ಕೂದಲು ಒಣಗಿಸೋದರ ಹಾಗಿದೆ ಎಂದಳು ಅಮ್ಮ,
ಗಾಳಿ ಮಾತ್ರ ಬರಲ್ಲ.

ಮೂತಿ ಒತ್ತಿ ಹಿಡಿದು ಮೂವತ್ತು ಎಣಿಸಿದರೆ
ವಸ್ತು ಒಳಗಿನದನ್ನು ಹೇಳಿಬಿಡುತ್ತದೆ.
ತಾಮ್ರ ಇಷ್ಟು, ಸತು ಇಷ್ಟು,
ಪಿಬಿ ಎಂದರೆ ಸೀಸ, ಇಷ್ಟು.

ಮಗಳ ರಕ್ತದಲ್ಲಿ ಹದಿನಾಲ್ಕು ಬಂದಿತ್ತು.
ಹದಿನಾಲ್ಕು ಏನು? ಅಮ್ಮ ಕೇಳಿದಳು.
ಮೈಕ್ರೋಗ್ರಾಂ ತೋರಿಸಲೆಂದು ಉಪ್ಪಿನ ಹರಳೊಂದನ್ನು
ಉಗುರಲ್ಲಿ ಒಡೆಯುತ್ತಾ ಹೋಗಿ ಸೋತೆ.
ಇರಬೇಕಾದ್ದೆಷ್ಟು?
ಸೊನ್ನೆ.

ಗುಮಾನಿ ಮೊದಲು ಹೊರಗಿನವರ ಮೇಲೆ.
ಜಾತ್ರೆಯಲ್ಲಿ ಕೊಂಡ ಹಳದಿ ಬಾತುಕೋಳಿ: ಇಲ್ಲ.
ಅರಿಸಿನ: ಇಲ್ಲ. ಬಾಗಿಲ ಹಸಿರು ಬಣ್ಣ: ಚೂರು, ಹೆದರಿಸುವಷ್ಟಲ್ಲ.
ಅಂಕಿ ಬರೆದುಕೊಳ್ಳುತ್ತಿದ್ದ ಪೆನ್ಸಿಲ್ಲಿಗೂ ಹಿಡಿದೆ, ತಮಾಷೆಗೆ.
ಅಜ್ಜ ಅದನ್ನು ಸೀಸದ ಕಡ್ಡಿ ಎನ್ನುತ್ತಿದ್ದರು,
ಬಾಯಿಗಿಟ್ಟರೆ ಬೈಯುತ್ತಿದ್ದರು.
ಸೀಸದ ಕಡ್ಡಿಯಲ್ಲಿ ಸೀಸವೇ ಇಲ್ಲ.
ಹೆಸರಿಟ್ಟು ಹೆದರಿದ್ದು ಒಂದು,
ಹೆಸರಿಲ್ಲದೆ ಉಂಡದ್ದು ಇನ್ನೊಂದು.

ಸುದ್ದಿ ಓಣಿ ದಾಟಿತು.
ದಾಕ್ಷಾಯಣಮ್ಮ ಸೆರಗಲ್ಲಿ ಮುಚ್ಚಿ ಮೂರು ಲೋಟ ತಂದರು,
ಅವು ತಪ್ಪು ಮಾಡಿದ ಮಕ್ಕಳೋ ಎಂಬಂತೆ.
ತುಂಗೆಯಲ್ಲಿ ಬಲೆ ಬೀಸುವ ಹಾಲಪ್ಪ ಬಂದು ನಕ್ಕ:
ಇದಕ್ಕೆ ಮಿಷನ್ ಯಾಕಮ್ಮ, ಈ ಗುಂಡು ಅಪ್ಪಟ ಸೀಸ,
ಹಿಂಗೆ ಕಚ್ಚಬೇಕು ನೋಡು,
ಹಲ್ಲಲ್ಲಿ ಒತ್ತಿ ದಾರಕ್ಕೆ ಬಿಗಿದು ತೋರಿಸಿದ.
ಅವನ ಮಗನೂ ಕಲಿತಿದ್ದಾನಂತೆ, ಆರು ವರ್ಷದವ.

ಅದೊಂದು ಬೇಡ, ಎಂದಳು ಅಮ್ಮ.
ಗ್ಯಾಸ್ ಸಿಲಿಂಡರಿನ ಹಿಂದೆ ಅದನ್ನು ಬಚ್ಚಿಟ್ಟಿದ್ದಳು,
ಕೊಪ್ಪದಿಂದ ಬಸ್ಸಿನ ಟಾಪಿನ ಮೇಲೆ ಅವಳ ಜೊತೆ ಬಂದ ಹಿತ್ತಾಳೆ ಬೋಗುಣಿ.
ದಿನಾ ಸಾರು ಅದರಲ್ಲೇ. ಸ್ಟೀಲಿಗೆ ರುಚಿ ಎಲ್ಲಿದೆ?
ಹೊರಗೆ ಹಿತ್ತಾಳೆ, ಒಳಗೆ ಬೆಳ್ಳಗೆ ಕಲಾಯಿ,
ಕಿಲುಬು ಏರದಿರಲೆಂದು, ಮಕ್ಕಳಿಗೆ ವಿಷವಾಗದಿರಲೆಂದು.

ಹುಣಸೆಹುಳಿ ಯಾರನ್ನೂ ಸುಮ್ಮನೆ ಬಿಡುವುದಿಲ್ಲ.
ಕುದಿಯುತ್ತಾ ಕುದಿಯುತ್ತಾ
ಲೋಹದ ಬಾಯನ್ನೂ ಬಿಡಿಸುತ್ತದೆ.

ಇಪ್ಪತ್ತೆಂಟು, ಇಪ್ಪತ್ತೊಂಬತ್ತು, ಮೂವತ್ತು.
ಅಂಕಿ ಪರದೆಯಲ್ಲಿ ಹಿಡಿಸಲಿಲ್ಲ ಎನಿಸಿತು.
ಎರಡನೇ ಸಲ ಹಿಡಿದೆ. ಅದೇ.
ನನ್ನ ತವರಿಗೆ ಕೆಟ್ಟ ಹೆಸರು ತರಬೇಡ, ಎಂದಳು.
ತವರಿಗಲ್ಲಮ್ಮ, ತವರಕ್ಕೆ.

ಹಯಾತ್ ಸಾಬರನ್ನು ಯಾರೂ ಕರೆಯಲಿಲ್ಲ, ತಾವೇ ಬಂದರು.
ಎರಡು ವರ್ಷಕ್ಕೊಮ್ಮೆ ಮೂಲೆಯ ಮರದಡಿ
ತಿದಿ ಹೂಡಿ, ನವಸಾಗರದ ಬಿಳಿ ಹೊಗೆಯೊಳಗೆ
ಅರಳೆಯ ಮುದ್ದೆಯಿಂದ ಒಮ್ಮೆ ಬಳಿದರೆ
ಚಂದ್ರನನ್ನು ಪಾತ್ರೆಯಲ್ಲಿ ಕೂರಿಸುತ್ತಿದ್ದವರು.
ಕಟ್ಟೆಯ ಮೇಲೆ ಕೂತು ಬೋಗುಣಿಯ ಕಂಠ ಸವರಿದರು.
ತವರ ತುಟ್ಟಿಯಾಯ್ತಲ್ಲ ಬೇಟಿ, ಆಗ ಮೂರಕ್ಕೆ ಒಂದು ಸೀಸ ಹಾಕ್ತಿದ್ದೆ.
ಹೊಳಪು ಒಂದೇ. ಬೇಗ ಕರಗ್ತಿತ್ತು.
ನಮ್ಮ ಮನೇಲೂ ಅದೇ ಕಲಾಯಿ, ಅದರಲ್ಲೇ ಖೀರು.

ಅವರ ಬಲಗೈ ಮಣಿಕಟ್ಟಿನಲ್ಲಿ ಸೋತು ಜೋತಿತ್ತು.
ಅದನ್ನು ಎಡಗೈಯಲ್ಲಿ ಎತ್ತಿ ಯಂತ್ರದ ಮುಂದೆ ಇಟ್ಟರು,
ಬೆಲೆ ಕೇಳುವ ಸಾಮಾನಿನಂತೆ.
ಇದನ್ನೂ ನೋಡು.

ಮನುಷ್ಯರಿಗೆ ಹಿಡಿಯಬಾರದು ಸಾಬ್ರೇ, ನಿಯಮ.
ಹೌದಾ, ಎಂದರು. ಕೈ ಮಾತ್ರ ಅಲ್ಲೇ ಇತ್ತು.

ಸೋಮವಾರ ಯಂತ್ರ ಹಿಂದಿರುಗಿಸಿದೆ.
ಬೋಗುಣಿ ಗುಜರಿಗೆ ಹಾಕಿದರೆ ಇನ್ನೊಬ್ಬರ ಒಲೆಗೆ ಬರುತ್ತದೆಂದು
ಪೇಪರಿನಲ್ಲಿ ಸುತ್ತಿ, ಮೇಲೆ ಪೆನ್ಸಿಲ್ಲಲ್ಲಿ ಬರೆದೆ:
ಅಡುಗೆಗಲ್ಲ.
ಸ್ಟೀಲಿನ ಸಾರು ಬಡಿಸುತ್ತಾ ಅಮ್ಮ ಕೇಳಿದಳು,
ಕಣ್ಣು ತಟ್ಟೆಯ ಮೇಲೇ:

ನೀನು ಹೊಟ್ಟೇಲಿದ್ದಾಗ ನಾನು ಉಂಡಿದ್ದೂ
ಅದರದ್ದೇ ಅಲ್ಲವಾ?

ಮೂವತ್ತು ಎಣಿಸುವಷ್ಟು ಹೊತ್ತು
ಅನ್ನ ಕಲಸುತ್ತಲೇ ಇದ್ದೆ.